ಹಾಜರಾತಿ ಕೊರತೆ: ಫೆಬ್ರುವರಿಯಲ್ಲಿ ಅಳುವ ಬದಲು ಜೂನ್‌ನಿಂದಲೇ ಮಾಡಬೇಕಾದ್ದು

ಫೆಬ್ರುವರಿ ಬಂತೆಂದರೆ ಹೈಸ್ಕೂಲಿನ ಸ್ಟಾಫ್ ರೂಮಿನ ಬಾಗಿಲಿಗೆ ಒಬ್ಬ ತಾಯಿಯಾದರೂ ಬಂದು ನಿಲ್ಲುತ್ತಾರೆ. ಹಿಂದೆ ತಲೆ ತಗ್ಗಿಸಿಕೊಂಡ ಹುಡುಗ. "ಮೇಡಂರೀ, ಇವಂಗ ಹಾಲ್ ಟಿಕೆಟ್ ಕೊಡಂಗಿಲ್ಲ ಅಂತಾರಲ್ರೀ. ಇದೊಂದ್ ಸಲ ಬಿಡ್ರಿ, ಮುಂದ ದಿನಾ ಕಳಿಸ್ತೀನಿ." ಮುಂದೆ ಕಳಿಸಲು ದಿನಗಳೇ ಉಳಿದಿರುವುದಿಲ್ಲ. ಹತ್ತನೇ ತರಗತಿ ಮುಗಿದೇ ಹೋಗಿರುತ್ತದೆ.

ರಾಯಚೂರು ಸೀಮೆಯ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿಕೊಂಡು ಬಂದ ನನಗೆ ಆ ತಾಯಿಯ ಮೇಲೆ ಸಿಟ್ಟು ಬಂದದ್ದಿಲ್ಲ. ಅವರ ಲೆಕ್ಕ ಅವರ ಮಟ್ಟಿಗೆ ಸರಿಯಾಗಿಯೇ ಇತ್ತು. ಎಂಟನೇ ತರಗತಿವರೆಗೆ ಮಗ ತಿಂಗಳುಗಟ್ಟಲೆ ಹೋಗದಿದ್ದರೂ ಹೆಸರು ಹೊಡೆಯಲಿಲ್ಲ, ವರ್ಷ ತುಂಬಿದ ಕೂಡಲೇ ಮುಂದಿನ ತರಗತಿಗೆ ಹಾಕಿದರು, ಮೇಷ್ಟ್ರೇ ಮನೆಗೆ ಬಂದು ಕರೆದರು. ಶಾಲೆ ಅಂದರೆ ಹೀಗೇ ಅಂದುಕೊಂಡಿದ್ದರು. ಒಂಬತ್ತು, ಹತ್ತಕ್ಕೆ ಬಂದಾಗ ಅದೇ ಶಾಲೆ ಬೇರೆಯದೇ ಮುಖ ತೋರಿಸುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಂಟರವರೆಗೆ ಕಾನೂನು ಮಗುವಿನ ಬೆನ್ನು ಹತ್ತುತ್ತದೆ. ಆಮೇಲೆ ಮಗುವೇ ಹಾಜರಾತಿಯ ಬೆನ್ನು ಹತ್ತಬೇಕು. ಈ ತಿರುವು ಗೊತ್ತಿಲ್ಲದೆ ವರ್ಷ ಕಳೆದುಕೊಂಡ ಮನೆಗಳೇ ಹೆಚ್ಚು.

ಮೊದಲು, ನಿಮ್ಮ ಮಗು ಯಾವ ನಿಯಮದಡಿ ಇದೆ ನೋಡಿಕೊಳ್ಳಿ

ಮಗುವಿಗೆ 6ರಿಂದ 14 ವರ್ಷವಾಗಿದ್ದು ಒಂದರಿಂದ ಎಂಟನೇ ತರಗತಿಯೊಳಗೆ ಇದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎನ್ನುತ್ತದೆ 10ನೇ ಕಲಂ. ಆದರೆ ಸೇರಿಸಿಕೊಂಡ ಮಗು ದಿನಾ ಬರುವಂತೆ, ಎಂಟನೇ ತರಗತಿ ಮುಗಿಸುವಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದು, ಸ್ಥಳೀಯ ಸಂಸ್ಥೆಯದ್ದು. ‘ಕಡ್ಡಾಯ’ ಎಂಬ ಪದ ಆ ಕಾಯ್ದೆಯಲ್ಲಿ ಮೊದಲು ಕಟ್ಟಿಹಾಕುವುದು ಸರ್ಕಾರವನ್ನು. ಮಗು ಚಕ್ಕರ್ ಹೊಡೆಯಿತೆಂದು ಪಾಲಕರಿಗೆ ದಂಡ ಹಾಕುವ ಮಾತು ಅದರಲ್ಲಿಲ್ಲ. ಹಾಜರಾತಿ ಕಡಿಮೆ ಎಂಬ ಕಾರಣಕ್ಕೆ ಎಂಟನೇ ತರಗತಿ ಮುಗಿಯುವ ಮೊದಲು ಮಗುವನ್ನು ಶಾಲೆಯಿಂದ ತೆಗೆದುಹಾಕುವಂತೆಯೂ ಇಲ್ಲ.

ಎಲ್ಲ ದೇಶಗಳಲ್ಲೂ ಹೀಗಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಶಾಲೆ ನಡೆಯುವಾಗಲೇ ಮಕ್ಕಳನ್ನು ಕಟ್ಟಿಕೊಂಡು ಊರಿನ ಮದುವೆಗೆ ಬರಲು ಹೆದರುತ್ತವೆ. ಅಲ್ಲಿ ಅನುಮತಿಯಿಲ್ಲದೆ ಐದು ದಿನದಷ್ಟು ತರಗತಿ ತಪ್ಪಿದರೂ ದಂಡದ ನೋಟಿಸ್ ಬರಬಹುದು. 2024ರ ಆಗಸ್ಟ್‌ನಿಂದ ಅದು ಒಬ್ಬ ಪಾಲಕರಿಗೆ, ಒಂದು ಮಗುವಿಗೆ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ತಂದೆಗೆ ಬೇರೆ, ತಾಯಿಗೆ ಬೇರೆ. ನಮ್ಮಲ್ಲಿ ಅಂಥ ನೋಟಿಸ್ ಮನೆಗೆ ಬರುವುದಿಲ್ಲ. ಬರುವುದಿಲ್ಲವೆಂದೇ ನಾವು ನಿಶ್ಚಿಂತೆಯಿಂದ ಇದ್ದುಬಿಡುತ್ತೇವೆ.

ಮಗು ಒಂಬತ್ತು, ಹತ್ತು ಅಥವಾ ಪಿಯುಸಿಯಲ್ಲಿದ್ದರೆ ಈ ರಕ್ಷಣೆಗಳು ಹೆಚ್ಚುಕಡಿಮೆ ಮುಗಿದವು ಅಂದುಕೊಳ್ಳಿ. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಶಾಲೆ ಕಾಲೇಜಿನ ವಿದ್ಯಾರ್ಥಿಯಾಗಿ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ ಶೇ 75 ಹಾಜರಾತಿ ಬೇಕು. ಸಿಬಿಎಸ್‌ಇಯ ಹತ್ತು, ಹನ್ನೆರಡಕ್ಕೂ ಅದೇ ಶೇ 75. ಅಲ್ಲಿ ಕಾಯಿಲೆ, ತಂದೆ ತಾಯಿಯ ಸಾವು, ರಾಷ್ಟ್ರಮಟ್ಟದ ಕ್ರೀಡೆ ಇಂಥ ಕಾರಣಗಳಿಗೆ ದಾಖಲೆ ಕೊಟ್ಟರೆ ವಿನಾಯಿತಿ ಸಿಗಬಹುದು. ಕೋಚಿಂಗ್‌ಗೆ ಹೋಗಿದ್ದೆ ಎಂಬುದು ಕಾರಣವಾಗುವುದಿಲ್ಲ. ಹೆಸರು ಒಂದು ಶಾಲೆಯಲ್ಲಿ, ಮಗು ನೀಟ್ ಕೋಚಿಂಗ್‌ನಲ್ಲಿ ಎಂಬ ‘ಡಮ್ಮಿ’ ವ್ಯವಸ್ಥೆಗೆ ಹಣ ಕೊಟ್ಟು ಸೇರಿಸುವ ಪಾಲಕರೂ ಇದ್ದಾರೆ. ಮಂಡಳಿಯವರು ದಿಢೀರ್ ತಪಾಸಣೆಗೆ ಬಂದಾಗ ಬೀದಿಗೆ ಬೀಳುವುದು ಶಾಲೆಯೊಂದೇ ಅಲ್ಲ, ಮಗುವೂ ಬೀಳುತ್ತದೆ.

ಎರಡನೆಯದು, ಲೆಕ್ಕ ಹಾಕಿ

ಗಣಿತದ ಟೀಚರ್ ಬರೆದ ಲೇಖನ, ಲೆಕ್ಕ ಇಲ್ಲದೆ ಮುಗಿಯುತ್ತದೆಯೇ? ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಹೈಸ್ಕೂಲಿಗೂ 220 ಎಂದೇ ಇಟ್ಟುಕೊಳ್ಳೋಣ. ಅದರ ಶೇ 75 ಅಂದರೆ 165. ಉಳಿದದ್ದು 55 ದಿನ.

ಪಾಲಕರ ಸಭೆಯಲ್ಲಿ ಈ 55 ಹೇಳಿದಾಗ ಎಲ್ಲರೂ ನಗುತ್ತಾರೆ. ಎರಡು ತಿಂಗಳು ರಜೆ! ಯಾರು ಅಷ್ಟು ಹಾಕುತ್ತಾರೆ? ಹಾಗಾದರೆ ನಮ್ಮ ಕಡೆಯ ಒಂದು ವರ್ಷ ಹಿಡಿಯಿರಿ. ಹತ್ತಿ ಬಿಡಿಸುವ ಹಂಗಾಮಿನಲ್ಲಿ 20 ದಿನ. ದಸರಾ ರಜೆ ಮುಗಿದ ಮೇಲೂ ಅಜ್ಜಿಯ ಊರಿನಲ್ಲೇ ಉಳಿದದ್ದು 6. ಸೋದರಮಾವನ ಮದುವೆ, ಅದರ ಹಿಂದೆ ಮುಂದೆ, ಒಟ್ಟು 6. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಮತ್ತು ಊರ ಜಾತ್ರೆ ಸೇರಿ 5. ಟೈಫಾಯಿಡ್ ಬಂದರೆ 15. ಕೂಡಿಸಿದರೆ 52. ಇದರಲ್ಲಿ ಒಂದು ದಿನವೂ ಹುಡುಗಿ ‘ಚಕ್ಕರ್’ ಹೊಡೆದಿಲ್ಲ, ನೋಡಿ. ಎಲ್ಲವೂ ಮನೆಯವರಿಗೆ ಗೊತ್ತಿದ್ದದ್ದೇ. ಇನ್ನು ಉಳಿದದ್ದು ಮೂರು ದಿನ.

ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಗುರುತು ಬೀಳುತ್ತದೆ ಎಂಬುದೂ ಹಲವರಿಗೆ ತಿಳಿದಿಲ್ಲ. ಬಿಸಿಯೂಟ ಮುಗಿಸಿ ಕಾಂಪೌಂಡ್ ಹಾರಿದವನಿಗೆ ಅರ್ಧ ದಿನವಷ್ಟೇ ಸಿಗುತ್ತದೆ. ‘ಕೆಲಸಕ್ಕೆ ಚಕ್ಕರ್, ಊಟಕ್ಕೆ ಹಾಜರ್’ ಎಂದು ನಾವು ನಗುತ್ತೇವೆ, ಆದರೆ ಅಂಥ ಎರಡು ಮಧ್ಯಾಹ್ನ ಕೂಡಿದರೆ ಒಂದು ಇಡೀ ದಿನ ಹೋಯಿತು.

ಡಿಸೆಂಬರ್ ಕೊನೆಯ ವಾರ ನೀವೊಂದು ಕೆಲಸ ಮಾಡಿ. ತರಗತಿ ಶಿಕ್ಷಕರ ಬಳಿ ಹೋಗಿ ಎರಡು ಸಂಖ್ಯೆ ಕೇಳಿ: ಇಲ್ಲಿಯವರೆಗೆ ಶಾಲೆ ನಡೆದದ್ದು ಎಷ್ಟು ದಿನ, ನನ್ನ ಮಗು ಬಂದದ್ದು ಎಷ್ಟು ದಿನ. ಉದಾಹರಣೆಗೆ 150 ದಿನ ನಡೆದಿದೆ, ಪರೀಕ್ಷೆಯ ಮೊದಲು ಇನ್ನು 50 ದಿನ ಇದೆ ಎಂದುಕೊಳ್ಳಿ. 102 ದಿನ ಬಂದ ಹುಡುಗಿಯ ಹಾಜರಾತಿ ಶೇ 68. ಉಳಿದ 50 ದಿನವೂ ತಪ್ಪದೆ ಬಂದರೆ 200ಕ್ಕೆ 152, ಶೇ 76, ದಾಟಿದಳು. ಪಕ್ಕದ ಬೆಂಚಿನ ಹುಡುಗ 98 ದಿನ ಬಂದಿದ್ದಾನೆ, ಶೇ 65ರ ಆಸುಪಾಸು. ಅವನೂ ಒಂದು ದಿನ ಬಿಡದೆ ಬಂದರೆ 148, ಶೇ 74. ಜ್ವರ ಬಂದರೂ ಬಂದು ಕೂತ, ಆದರೂ ದಾಟಲಿಲ್ಲ. ಇಬ್ಬರ ನಡುವೆ ಇದ್ದದ್ದು ನಾಲ್ಕು ದಿನ. ಆ ನಾಲ್ಕು ದಿನ ಹೋದದ್ದು ಬಹುಶಃ ಆಗಸ್ಟ್‌ನಲ್ಲಿ, ಯಾರ ಗಮನಕ್ಕೂ ಬಾರದಂತೆ. ಆದ್ದರಿಂದ ಈ ಎರಡು ಸಂಖ್ಯೆಗಳನ್ನು ಡಿಸೆಂಬರ್‌ಗೆ ಕಾಯದೆ ದಸರಾ ರಜೆಗೆ ಮುಂಚೆ ಒಮ್ಮೆ ಕೇಳಿಕೊಂಡರೆ ಇನ್ನೂ ಒಳ್ಳೆಯದು. ಕೇಳಿದರೆ ಶಿಕ್ಷಕರಿಗೆ ಬೇಸರವಾದೀತು ಎಂಬ ಸಂಕೋಚ ಬೇಡ. ಮಗುವಿನ ಹಾಜರಾತಿಯನ್ನು ಪಾಲಕರಿಗೆ ತಿಳಿಸುವುದು ಕಾಯ್ದೆಯೇ ಹೇಳಿದ ಶಿಕ್ಷಕರ ಕೆಲಸ.

ಶೇಕಡಾವಾರು ದಾಟಿದರೆ ಸಾಕು ಎಂದೂ ಇಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನದ್ದು. ಕಿರುಪರೀಕ್ಷೆ, ಚಟುವಟಿಕೆ ನಡೆದ ದಿನ ಮಗು ಇರದಿದ್ದರೆ ಆ ಅಂಕ ಎಲ್ಲಿಂದ ತರುವುದು?

ರಜೆ ಹಾಕಬೇಕಾದರೆ ಚೀಟಿ ಕೊಟ್ಟು ಹಾಕಿ

ರಜೆ ಅರ್ಜಿ ಬರೆಯುವುದು ಕನ್ನಡ ಪರೀಕ್ಷೆಯ ಪತ್ರಲೇಖನದಲ್ಲಿ ಬರುವ ಪ್ರಶ್ನೆ. ನಮ್ಮ ಮಕ್ಕಳು ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’ ಎಲ್ಲ ಅಚ್ಚುಕಟ್ಟಾಗಿ ಬರೆದು ಪೂರ್ತಿ ಅಂಕ ಪಡೆಯುತ್ತಾರೆ. ಬದುಕಿನಲ್ಲಿ ಮಾತ್ರ ಒಂದು ಚೀಟಿಯನ್ನೂ ಕೊಟ್ಟಿರುವುದಿಲ್ಲ. ಪಾಲಕರು ಬರೆದ ನಾಲ್ಕು ಸಾಲು ಸಾಕು, ಹೀಗೆ:

"ತರಗತಿ ಶಿಕ್ಷಕರಿಗೆ ನಮಸ್ಕಾರ. 9ನೇ ತರಗತಿ ‘ಬಿ’ ವಿಭಾಗದಲ್ಲಿ ಓದುತ್ತಿರುವ ನನ್ನ ಮಗಳಿಗೆ ಸೋಮವಾರದಿಂದ ಜ್ವರವಿದ್ದು, ಬುಧವಾರದವರೆಗೆ ಶಾಲೆಗೆ ಕಳಿಸಲು ಆಗುವುದಿಲ್ಲ. ಗುರುವಾರ ಬರುತ್ತಾಳೆ. ಈ ಮೂರು ದಿನದ ಪಾಠ, ಮನೆಗೆಲಸ ಏನೆಂದು ಗೆಳತಿಯ ಕೈಯಲ್ಲಿ ತಿಳಿಸಬೇಕಾಗಿ ವಿನಂತಿ." ಕೆಳಗೆ ಮಗುವಿನ ಹೆಸರು, ದಿನಾಂಕ, ನಿಮ್ಮ ಸಹಿ, ಫೋನ್ ನಂಬರ್. ಓದು ಬರಹ ಬಾರದವರು ಫೋನ್ ಮಾಡಿ ಹೇಳಿ, ಅಥವಾ ಅಕ್ಕಪಕ್ಕದವರ ಕೈಯಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಿ.

‘ಗುರುವಾರ ಬರುತ್ತಾಳೆ’ ಎಂಬ ವಾಕ್ಯ ಬಿಡಬೇಡಿ. ಬರುವ ದಿನ ಬರೆದಿದ್ದರೆ, ಆ ದಿನ ಬಾರದಾಗ ಶಿಕ್ಷಕರು ವಿಚಾರಿಸುತ್ತಾರೆ. ಮೂರ್ನಾಲ್ಕು ದಿನ ಮೀರಿದ ಕಾಯಿಲೆಯಾದರೆ ಆಸ್ಪತ್ರೆಯ ಚೀಟಿ, ರಕ್ತಪರೀಕ್ಷೆಯ ವರದಿ, ಔಷಧಿಯ ಬಿಲ್ಲು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ತೆಗೆದಿಡಿ. ಮುಂದೆ ಕೊರತೆ ಮನ್ನಾ ಕೇಳುವ ಪ್ರಸಂಗ ಬಂದರೆ ಆ ಕವರೇ ಮಾತಾಡಬೇಕು. ಫೆಬ್ರುವರಿಯಲ್ಲಿ ಪರಿಚಯದ ಡಾಕ್ಟರ ಬಳಿ ಹೋಗಿ ಆಗಸ್ಟ್ ತಿಂಗಳ ಸರ್ಟಿಫಿಕೇಟ್ ಬರೆಸಿ ತರುವವರನ್ನು ನೋಡಿದ್ದೇನೆ. ಶಾಯಿ ಕೂಡ ಆರಿರುವುದಿಲ್ಲ. ಚೀಟಿ ಕೊಟ್ಟ ಮಾತ್ರಕ್ಕೆ ಹಾಜರಿ ಬೀಳುವುದಿಲ್ಲ ಎಂಬುದೂ ನೆನಪಿರಲಿ. ರಜೆ ರಜೆಯೇ, ಆ 55ರಲ್ಲೇ ಕಳೆಯುತ್ತದೆ. ಚೀಟಿಯಿಂದ ಸಿಗುವುದು ‘ಹೇಳಿ ಹೋದ ಮಗು’ ಎಂಬ ಗುರುತು. ಅದರ ಬೆಲೆ ಏನೆಂದು ಕೆಳಗೆ ‘ಏಳನೇ ದಿನ’ದ ಮಾತು ಬಂದಾಗ ತಿಳಿಯುತ್ತದೆ.

ಮನೆಯಿಂದ ಹೊರಟ ಮಗು ಶಾಲೆ ಮುಟ್ಟಿಲ್ಲ ಎಂದು ಗೊತ್ತಾದ ದಿನ

ಈಗ ನಿಜವಾದ ಚಕ್ಕರ್‌ನ ಮಾತಿಗೆ ಬರೋಣ. ಬ್ಯಾಗ್ ಹಾಕಿಕೊಂಡು, ಟಿಫಿನ್ ಹಿಡಿದು ಹೊರಟವನು ಕೆರೆ ಏರಿಯಲ್ಲೋ, ಬಸ್‌ಸ್ಟ್ಯಾಂಡಿನಲ್ಲೋ, ಗೆಳೆಯನ ಮನೆಯಲ್ಲಿ ಮೊಬೈಲ್ ಹಿಡಿದುಕೊಂಡೋ ಇದ್ದ ಎಂದು ಯಾರೋ ಹೇಳಿದರು. ಹೆಚ್ಚಿನ ಮನೆಗಳಲ್ಲಿ ಮೊದಲು ಬೀಳುವುದು ಏಟು. ಮರುದಿನ ಹುಡುಗ ಶಾಲೆಗೆ ಬರುತ್ತಾನೆ, ಅದರ ಮರುವಾರ ಇನ್ನಷ್ಟು ಜಾಣತನದಿಂದ ತಪ್ಪಿಸಿಕೊಳ್ಳುತ್ತಾನೆ. ಏಟು ತಿಂದು ಅವನು ಕಲಿತದ್ದು ಸಿಕ್ಕಿಬೀಳದಿರುವುದನ್ನು.

ಆ ದಿನ ಸಂಜೆ ಏನೂ ಕೇಳಬೇಡಿ, ಊಟ ಹಾಕಿ. ಮರುದಿನ ಮಗುವಿಗಿಂತ ಮೊದಲು ನೀವು ಶಾಲೆಗೆ ಹೋಗಿ ಹಾಜರಿ ಪುಸ್ತಕ ತೋರಿಸಲು ಕೇಳಿ. ಯಾವ ಯಾವ ದಿನ ಇಲ್ಲ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಆಮೇಲೆ ಆ ದಿನಗಳ ಪಕ್ಕದಲ್ಲಿ ವೇಳಾಪಟ್ಟಿ ಇಟ್ಟು ನೋಡಿ. ನಾನು ಕಲಿತ ಒಂದೇ ಒಂದು ಪತ್ತೇದಾರಿ ವಿದ್ಯೆ ಇದು. ಸುಮ್ಮನೆ ಸೋಮಾರಿಯಾದ ಮಗುವಿನ ಗೈರು ಚೆಲ್ಲಾಪಿಲ್ಲಿಯಾಗಿರುತ್ತದೆ. ಕಾರಣವಿದ್ದ ಮಗುವಿನ ಗೈರಿಗೆ ಒಂದು ವರಸೆ ಇರುತ್ತದೆ. ಎರಡು ಗಣಿತದ ಪೀರಿಯಡ್ ಇರುವ ಮಂಗಳವಾರ, ಶುಕ್ರವಾರ ತಪ್ಪುತ್ತಿದ್ದರೆ ಕಾರಣ ಗಣಿತ. ಅಥವಾ ಗಣಿತದ ಟೀಚರ್. ಒಮ್ಮೆ ಆ ಟೀಚರ್ ನಾನೇ ಆಗಿದ್ದೆ. ಮನೆಗೆಲಸ ಮಾಡದವರನ್ನು ಬೋರ್ಡಿನ ಮುಂದೆ ನಿಲ್ಲಿಸುವ ನನ್ನ ರೂಢಿಗೆ ಹೆದರಿ ಒಬ್ಬ ಹುಡುಗ ಮೂರು ವಾರ ಶುಕ್ರವಾರಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಕಳೆದಿದ್ದ. ಅವನ ತಂದೆ ಕ್ಯಾಲೆಂಡರ್ ಹರಿದು ತಂದು ನನ್ನ ಟೇಬಲ್ ಮೇಲೆ ಇಟ್ಟ ದಿನ ನಾನು ಆ ರೂಢಿ ಬಿಟ್ಟೆ. ಕಾಯ್ದೆಯ 17ನೇ ಕಲಂ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದು ನನಗೂ ಗೊತ್ತಿತ್ತು. ನಾನು ಮಾಡುವುದು ಹಿಂಸೆ ಎಂದು ಮಾತ್ರ ಗೊತ್ತಿರಲಿಲ್ಲ.

ಹೆಣ್ಣುಮಕ್ಕಳ ಗೈರು ತಿಂಗಳಿಗೊಮ್ಮೆ ಮೂರು ನಾಲ್ಕು ದಿನ ಬರುತ್ತಿದ್ದರೆ ಶಾಲೆಯ ಶೌಚಾಲಯಕ್ಕೆ ಹೋಗಿ ನೋಡಿ. ನೀರಿದೆಯೇ, ಬಾಗಿಲಿಗೆ ಚಿಲಕವಿದೆಯೇ, ಪ್ಯಾಡ್ ಹಾಕಲು ಬುಟ್ಟಿಯಿದೆಯೇ? ‘ಶುಚಿ’ ಯೋಜನೆಯ ಪ್ಯಾಡುಗಳು ಶಾಲೆಗೆ ಬಂದಿವೆಯೇ ಎಂದು ಟೀಚರನ್ನು ಕೇಳಿ. ತಾಯಂದಿರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಎತ್ತಲು ನಾಚಬಾರದು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾನೂನು ಮಾಡಿದ್ದು ಇಂಥ ಮಾತಿಗಾಗಿಯೇ.

ದೊಡ್ಡ ಮಗುವಿನ ಗೈರು ತಾಯಿ ಕೂಲಿಗೆ ಹೋಗುವ ದಿನಗಳಿಗೇ ಹೊಂದಿಕೊಂಡರೆ, ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರಿಲ್ಲ ಎಂದರ್ಥ. ಕೂಸನ್ನು ಅಂಗನವಾಡಿಗೋ, ಪಂಚಾಯಿತಿಯ ಕೂಸಿನ ಮನೆಗೋ ಬಿಡಲು ಸಾಧ್ಯವೇ ನೋಡಿ. ಇದು ಮಗುವಿನ ಚಕ್ಕರ್ ಅಲ್ಲ, ನಾವು ಹಾಕಿಸಿದ ಚಕ್ಕರ್.

ಇನ್ನೊಂದು ಬಗೆ ಇದೆ. ಇಲ್ಲಿ ಮಾತ್ರ ಒಂದು ದಿನವೂ ತಡ ಮಾಡಬೇಡಿ. ನಿನ್ನೆವರೆಗೆ ಕುಣಿಯುತ್ತ ಹೋಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಒಲ್ಲೆ ಎನ್ನುತ್ತದೆ, ಹೊಟ್ಟೆನೋವು ಎನ್ನುತ್ತದೆ, ಒಬ್ಬ ವ್ಯಕ್ತಿಯ ಹೆಸರು ಬಂದರೆ ಮುಖ ತಿರುಗಿಸುತ್ತದೆ, ಆಟೋ ಹತ್ತಲು ಅಳುತ್ತದೆ. ಆಗ ಮಗುವನ್ನು ಒತ್ತಾಯದಿಂದ ಕಳಿಸಬೇಡಿ. ಹತ್ತಿರ ಕೂರಿಸಿಕೊಂಡು ಕೇಳಿ, ಹೇಳಿದ್ದನ್ನು ನಂಬಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಬೇಕಿಲ್ಲ.

ಏಳನೇ ದಿನ

2013ರಲ್ಲಿ ಕರ್ನಾಟಕ ಹೈಕೋರ್ಟ್ ಪತ್ರಿಕಾ ವರದಿಯೊಂದನ್ನು ಓದಿ, ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಲ್ಲಿಯವರೆಗೆ ಮಗು 60 ದಿನ ಬಾರದಿದ್ದರೆ ಮಾತ್ರ ‘ಶಾಲೆ ಬಿಟ್ಟ ಮಗು’ ಎಂದು ಬರೆದುಕೊಳ್ಳುತ್ತಿದ್ದರು. ಎರಡು ತಿಂಗಳಲ್ಲಿ ಮಗು ಗೋವಾ ಮುಟ್ಟಿ, ಇಟ್ಟಿಗೆ ಹೊರಲು ಕಲಿತು, ಎ ಬಿ ಸಿ ಮರೆತಿರುತ್ತಿತ್ತು. ಆ ಪ್ರಕರಣದ ಬಳಿಕ ನಮ್ಮ ರಾಜ್ಯದಲ್ಲಿ 60 ಎಂಬುದು 7 ಆಯಿತು. ಹೇಳದೆ ಕೇಳದೆ ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದದ್ದು ಎಂದು ಪರಿಗಣಿಸಿ ಹುಡುಕಬೇಕು. ನನ್ನ ಪ್ರಕಾರ ಈ ವಿಷಯದಲ್ಲಿ ನಮ್ಮ ರಾಜ್ಯ ಮಾಡಿದ ಅತಿ ಒಳ್ಳೆಯ ಕೆಲಸ ಇದು.

ಆದ್ದರಿಂದ ಮನೆ ಬಾಗಿಲಿಗೆ ಮೊದಲು ತರಗತಿ ಶಿಕ್ಷಕರು, ಆಮೇಲೆ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು, ಸುತ್ತಲಿನ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಿಆರ್‌ಪಿ, ತಾಲ್ಲೂಕಿನ ಶಿಕ್ಷಣಾಧಿಕಾರಿ ಅಂದರೆ ಬಿಇಒ ಕಚೇರಿಯ ಶಿಕ್ಷಣ ಸಂಯೋಜಕರು ಬಂದರೆ ಗಾಬರಿ ಬೀಳಬೇಡಿ, ಬಾಗಿಲು ಹಾಕಿಕೊಳ್ಳಬೇಡಿ. ಅವರು ಕೇಸು ಹಾಕಲು ಬಂದವರಲ್ಲ. ಮಗು ಎಲ್ಲಿದೆ, ಯಾಕೆ ಬರುತ್ತಿಲ್ಲ, ಎಂದು ಬರುತ್ತದೆ, ಈ ಮೂರಕ್ಕೆ ನಿಜವಾದ ಉತ್ತರ ಕೊಡಿ. ‘ನಾಳೆ ಕಳಿಸ್ತೀವ್ರಿ’ ಎಂಬ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. ದುಡ್ಡಿನ ತೊಂದರೆ ಇದ್ದರೆ, ಮನೆಯಲ್ಲಿ ಕುಡಿತದ ಜಗಳವಿದ್ದರೆ, ಅದನ್ನೇ ಹೇಳಿ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಹಾಸ್ಟೆಲುಗಳ ದಾರಿ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಬಸ್ಸಿನ ಹೊತ್ತು ಸರಿಯಿಲ್ಲ, ಹಳ್ಳ ತುಂಬಿದರೆ ದಾಟಲಾಗುವುದಿಲ್ಲ ಎಂಬಂಥ ಕಾರಣಗಳನ್ನು ಮಕ್ಕಳೇ ಅಲ್ಲಿ ಎದ್ದು ನಿಂತು ಹೇಳಿದರೆ ನಾವು ಕೊಟ್ಟ ಅರ್ಜಿಗಿಂತ ಅದಕ್ಕೆ ತೂಕ ಹೆಚ್ಚು.

ಇತ್ತ ಮಗು ಕೆಲಸಕ್ಕೆ ಹೋಗುತ್ತಿದೆ ಎಂದು ಗೊತ್ತಾದರೆ ವಿಷಯ ಬೇರೆಯಾಗುತ್ತದೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ದಿನದ ತರಗತಿ ಮುಗಿದ ಮೇಲೆ, ರಜೆಯಲ್ಲಿ ಮನೆಯ ಕೆಲಸಕ್ಕೆ ಕೈಜೋಡಿಸಬಹುದು, ಅಷ್ಟೇ. ಇಟ್ಟುಕೊಂಡ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಗ್ಯಾರೇಜಿಗೆ ‘ಕೆಲಸ ಕಲಿಯಲಿ’ ಎಂದು ಬಿಟ್ಟಿದ್ದೇವೆ ಎಂಬ ಮಾತು ನಡೆಯುವುದಿಲ್ಲ.

ದುಡಿಯಲು ಊರು ಬಿಡುವವರಿಗೆ

ಯಾದಗಿರಿ, ಕಲಬುರಗಿ, ರಾಯಚೂರಿನಿಂದ ಬೆಂಗಳೂರು, ಪುಣೆ, ಮುಂಬೈ, ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳು, ಕಬ್ಬು ಕಡಿಯಲು ಹೋಗುವ ಗ್ಯಾಂಗುಗಳು ದಸರಾ ದೀಪಾವಳಿ ಆದಕೂಡಲೇ ಗಂಟು ಕಟ್ಟುತ್ತವೆ. ಏಳು ದಿನ ಬಾರದ ಮಕ್ಕಳ ಪಟ್ಟಿಯಲ್ಲಿ ಅವರ ಮಕ್ಕಳೇ ಜಾಸ್ತಿ.

ಹೋಗುವ ಮೊದಲು ಶಾಲೆಗೆ ಬಂದು ಹೇಳಿ. ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಮಗುವನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ಹೋಗುವಂತಿದ್ದರೆ, ಹಂಗಾಮಿಗೆ ನಡೆಯುವ ವಸತಿ ಕೇಂದ್ರ ನಿಮ್ಮ ಕ್ಲಸ್ಟರಿನಲ್ಲಿ ಇದೆಯೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಜೊತೆಗೇ ಕರೆದೊಯ್ಯುವುದಾದರೆ ಮಗುವಿನ ಸ್ಯಾಟ್ಸ್ ನಂಬರ್ ಬರೆಸಿಕೊಳ್ಳಿ. ಎಸ್‌ಎಟಿಎಸ್ ಎಂಬ ತಂತ್ರಾಂಶದಲ್ಲಿ ರಾಜ್ಯದ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಬೆಂಗಳೂರಿನ ಯಾವುದೇ ಸರ್ಕಾರಿ ಶಾಲೆಯಲ್ಲಿ ಆ ಸಂಖ್ಯೆ ಹೇಳಿದರೆ ಮಗುವಿನ ವಿವರ ಸಿಗುತ್ತದೆ, ಟಿ.ಸಿ. ಕೂಡ ಅದರಲ್ಲೇ ತಯಾರಾಗುತ್ತದೆ. ಕೈಯಲ್ಲಿ ಟಿ.ಸಿ. ಇಲ್ಲ ಎಂದು ಎಂಟನೇ ತರಗತಿಯವರೆಗಿನ ಮಗುವನ್ನು ವಾಪಸ್ ಕಳಿಸುವಂತಿಲ್ಲ, ವರ್ಷದ ನಡುವೆ ಬಂದಿರಿ ಎಂದೂ ಕಳಿಸುವಂತಿಲ್ಲ. ಎರಡೂ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಎರಡು ಮೂರು ವರ್ಷ ಶಾಲೆ ಬಿಟ್ಟಿದ್ದ ಮಗುವಾದರೂ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಟ್ಟು ಸರಿದೂಗಿಸಬೇಕು. ಹನ್ನೆರಡು ವರ್ಷದವಳನ್ನು ಮೂರನೇ ತರಗತಿಯ ಪುಟಾಣಿಗಳ ನಡುವೆ ಕೂರಿಸಿದರೆ ಅವಳು ಮರುವಾರವೇ ಮತ್ತೆ ಬಿಡುತ್ತಾಳೆ.

ಒಂಬತ್ತು, ಹತ್ತರ ಮಕ್ಕಳನ್ನು ಮಾತ್ರ ದಯವಿಟ್ಟು ಹಂಗಾಮಿನ ಕೆಲಸಕ್ಕೆ ಜೊತೆಗೆ ಒಯ್ಯಬೇಡಿ. ಎಂಟರವರೆಗೆ ನಡೆದದ್ದು ಅಲ್ಲಿ ನಡೆಯುವುದಿಲ್ಲ. ಹಾಸ್ಟೆಲಿಗೆ ಅರ್ಜಿ ಹಾಕುವುದಾದರೆ ಜೂನ್ ತಿಂಗಳಲ್ಲೇ ವಿಚಾರಿಸಿ, ಗಂಟು ಕಟ್ಟುವ ದಿನ ಅಲ್ಲ.

ಕೊರತೆ ಬಿದ್ದೇಬಿಟ್ಟರೆ

ಪರೀಕ್ಷೆಗೆ ಮುನ್ನ ಶಾಲೆಯಿಂದ ಮಂಡಳಿಗೆ ಕೊರತೆಯ ಪಟ್ಟಿ ಹೋಗುತ್ತದೆ. ಒಮ್ಮೆ ಹೋದ ಮೇಲೆ ಮುಖ್ಯ ಶಿಕ್ಷಕರ ಕೈಯಲ್ಲೂ ಏನಿಲ್ಲ, ಶಾಸಕರ ಫೋನೂ ಕೆಲಸ ಮಾಡಬಾರದು. ಆದ್ದರಿಂದ ಪಟ್ಟಿ ಹೋಗುವ ಮೊದಲೇ, ಜನವರಿಯಲ್ಲಿ, ಕಾಯಿಲೆಯಂಥ ಒಪ್ಪುವ ಕಾರಣವಿದ್ದರೆ ದಾಖಲೆಗಳ ಕವರಿನ ಜೊತೆ ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಹಾಜರಿ ಪುಸ್ತಕದಲ್ಲೇ ತಪ್ಪಿದೆ ಅನ್ನಿಸಿದರೆ ಆಗಲೇ ಕೇಳಿ. ಕಬಡ್ಡಿ ತಂಡದ ಜೊತೆ ತಾಲ್ಲೂಕು ಮಟ್ಟಕ್ಕೆ ಹೋದ ದಿನ, ಪ್ರತಿಭಾ ಕಾರಂಜಿಗೆ ಹೋದ ದಿನ ಗೈರು ಎಂದು ಬಿದ್ದಿರುವುದನ್ನು ನಾನೇ ಕಂಡಿದ್ದೇನೆ. ಶಾಲೆಯೇ ಕಳಿಸಿದ ದಿನಕ್ಕೆ ಗೈರು ಹಾಕುವುದು ತಪ್ಪು.

ಹಾಜರಿಯೇನೋ ತುಂಬಿದೆ, ಆದರೆ ಫೀಸು ಬಾಕಿ ಇದೆ ಎಂದು ಹಾಲ್ ಟಿಕೆಟ್ ಹಿಡಿದಿಟ್ಟುಕೊಳ್ಳುವ ಖಾಸಗಿ ಶಾಲೆಗಳ ಕಥೆ ಬೇರೆ. ಹಾಜರಾತಿ ಕೊರತೆಯ ಹೆಸರಿನಲ್ಲಿ ಅದನ್ನು ಮುಚ್ಚಿಡುತ್ತಿದ್ದಾರೆ ಅನ್ನಿಸಿದರೆ ಬಂದ ದಿನ, ನಡೆದ ದಿನಗಳ ಸಂಖ್ಯೆಯನ್ನು ಬರವಣಿಗೆಯಲ್ಲಿ ಕೇಳಿ, ನೇರ ಬಿಇಒ ಬಳಿ ಹೋಗಿ, ಅಲ್ಲಿ ಆಗದಿದ್ದರೆ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು (ಡಿಡಿಪಿಐ). ಎಂಟರವರೆಗಿನ ಮಗುವಿನ ಹೆಸರು ತೆಗೆದಿದ್ದಾರೆ, ‘ನೀವೇ ಟಿ.ಸಿ. ತಗೊಂಡು ಹೋಗಿ’ ಎಂದು ಒತ್ತಾಯಿಸುತ್ತಿದ್ದಾರೆ ಎಂದಾದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಮೂರು ತಿಂಗಳೊಳಗೆ ಅದು ತೀರ್ಮಾನ ಕೊಡಬೇಕು. ತೃಪ್ತಿಯಾಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು.

ಏನೇ ಮಾಡಿದರೂ ಈ ವರ್ಷದ ಪರೀಕ್ಷೆ ತಪ್ಪಿತೇ? ಮನೆಯಲ್ಲಿ ಕೂರಿಸಬೇಡಿ, ಮದುವೆಯ ಮಾತಂತೂ ಬೇಡವೇ ಬೇಡ. ಮರುವರ್ಷ ಅದೇ ಶಾಲೆಗೆ ಮರುದಾಖಲಾಗಬಹುದೇ, ಖಾಸಗಿ ಅಭ್ಯರ್ಥಿಯಾಗಿ ಕಟ್ಟಲು ವಯಸ್ಸು ಆಗಿದೆಯೇ ಎಂದು ಶಾಲೆಯಲ್ಲಿ ಕೇಳಿ. 14 ತುಂಬಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ತರಗತಿಯ ದಾರಿಯೂ ಇದೆ. ದಿನಾ ಶಾಲೆಗೆ ಹೋಗಬೇಕಾದ ಕಟ್ಟುಪಾಡು ಅದರಲ್ಲಿಲ್ಲ. ಮನೆಯಲ್ಲಿ ಕೂರಿಸಿ ಓದಿಸುವವರು ಇದ್ದರೆ ಮಾತ್ರ ಅದು ಸುಲಭ.

ಮರಳಿ ಬಂದ ದಿನ

ಇದು ಶಿಕ್ಷಕರಿಗೆ ಬರೆದದ್ದು, ಪಾಲಕರೂ ಓದಬಹುದು. ಹದಿನೈದು ದಿನ ಬಾರದವಳು ಬಾಗಿಲಲ್ಲಿ ನಿಂತು "ಒಳಗ ಬರ್ಲೇನ್ರಿ ಟೀಚರ್" ಎಂದಾಗ ನಮ್ಮ ಬಾಯಿಗೆ ಮೊದಲು ಬರುವುದು "ಏನವ್ವಾ, ದಾರಿ ತಪ್ಪಿ ಬಂದೀಯೇನು?" ಎಂಬ ಮಾತು. ತರಗತಿಯೆಲ್ಲ ನಗುತ್ತದೆ. ಅವಳನ್ನು ಕರೆತರಲು ಸಿಆರ್‌ಪಿ, ಎಸ್‌ಡಿಎಂಸಿಯವರು ಪಟ್ಟ ಪಾಡೆಲ್ಲ ಆ ನಗುವಿನಲ್ಲಿ ನೀರಿಗೆ ಬಿದ್ದಂತೆ. ಆ ದಿನ ಬಿಟ್ಟುಹೋದ ಪಾಠದ ಲೆಕ್ಕ ಕೇಳಬೇಡಿ, ನೋಟ್ಸ್ ಪೂರ್ತಿ ಮಾಡಿ ಆಮೇಲೆ ಬಾ ಎನ್ನಬೇಡಿ. ಅಕ್ಷರ ಚೆನ್ನಾಗಿರುವ, ಬಾಯಿ ಕಡಿಮೆಯಿರುವ ಒಬ್ಬ ಗೆಳತಿಯ ಪಕ್ಕ ಕೂರಿಸಿ. ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ಎಲ್ಲರಿಗೆ ಕರೆದ ಧ್ವನಿಯಲ್ಲೇ ಕರೆಯಿರಿ. "ಎಸ್ ಟೀಚರ್" ಎನ್ನುತ್ತಾಳೆ. ಗುರುತು ಹಾಕಿ, ಮುಂದಿನ ಹೆಸರು ಕೂಗಿ.